ನಾಲ್ಕು ತುಂಡಿನ ಟ್ರಾವೆಲ್ ರಾಡ್: ಐದು ವರ್ಷ ಬಳಸಿದ ಮೇಲೆ

ಜೋಡಿಸಿದರೆ ಏಳು ಅಡಿ. ಬಿಡಿಸಿಟ್ಟರೆ 57 ಸೆಂಟಿಮೀಟರ್. ನನ್ನ ಗಾಳದ ರಾಡ್ ಬಗ್ಗೆ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಎರಡನೇ ಅಳತೆಯನ್ನೇ. 2019ರಲ್ಲಿ ಕೊಂಡೆ, ಬಳಸಿ ಐದು ವರ್ಷದ ಮೇಲಾಯಿತು. ಅಂಡಮಾನಿಗೆ ಮೂರು ಸಲ, ಉತ್ತರಾಖಂಡದ ಪಂಚೇಶ್ವರಕ್ಕೆ ಎರಡು ಸಲ ನನ್ನ ಜೊತೆ ವಿಮಾನದಲ್ಲಿ ಹೋಗಿ ಬಂದಿದೆ. ಬೆಂಗಳೂರಿನಿಂದ ನಮ್ಮೂರು ಗಂಗೊಳ್ಳಿಗೆ ಎಷ್ಟು ಸಲ ಅಂತ ಲೆಕ್ಕ ಇಟ್ಟಿಲ್ಲ. ನಾನು ಕೊಂಡ ಮಾದರಿ ಈಗ ಅಂಗಡಿಗಳಲ್ಲಿ ಸಿಗುವುದಿಲ್ಲ, ಹಾಗಾಗಿ ಅದರ ಹೆಸರು ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ಶಿಮಾನೊ, ಡೈವಾ, ಅಬು ಗಾರ್ಸಿಯಾ ಎಲ್ಲರೂ ಇಂಥ ಟ್ರಾವೆಲ್ ರಾಡ್ ಮಾಡುತ್ತಾರೆ. ಯಾವ ಅಳತೆ, ಯಾಕೆ ಅನ್ನುವುದು ಗೊತ್ತಿದ್ದರೆ ಸಾಕು.

ಇದಕ್ಕೆ ಮುಂಚೆ ಎರಡು ರಾಡ್ ಕೊಂಡಿದ್ದೆ. ಮೊದಲನೆಯದು ಹಳೇ ರೇಡಿಯೊ ಏರಿಯಲ್ ತರ ಎಳೆದು ಉದ್ದ ಮಾಡುವ ಟೆಲಿಸ್ಕೋಪಿಕ್ ರಾಡ್. ಒಳಗೆ ತಳ್ಳಿದರೆ ಮೊಣಕೈ ಉದ್ದ ಅಷ್ಟೇ, ನೋಡಿದವರಿಗೆ ಆಸೆ ಆಗದೇ ಇರದು. ಗಂಗೊಳ್ಳಿ ಅಳಿವೆಯ ಮರಳು ಎರಡೇ ದಿನಕ್ಕೆ ಅದರ ಸಂದಿ ಸೇರಿತು. ಆಮೇಲೆ ಎಳೆದರೆ ಬರುವುದಿಲ್ಲ, ಬಂದರೆ ನಿಲ್ಲುವುದಿಲ್ಲ. ಮೀನು ಜಗ್ಗುತ್ತಿರುವಾಗಲೇ ಒಂದು ತುಂಡು ಸರ್ರನೆ ಒಳಗೆ ಇಳಿದುಬಿಟ್ಟಿತು. ಕೆರೆ ದಡದಲ್ಲಿ ಕೂತು ಸಣ್ಣ ಮೀನು ಹಿಡಿಯಲು ಅದು ಸಾಕು. ಮರಳು, ಉಪ್ಪುನೀರು ಇರುವ ಕಡೆಗೆ ಖಂಡಿತ ಬೇಡ.

ಎರಡನೆಯದು ಎರಡು ತುಂಡಿನ ಒಳ್ಳೆಯ ರಾಡ್. ಎಸೆಯುವುದಕ್ಕೆ ಈಗಿನದಕ್ಕಿಂತಲೂ ಹಿತವಾಗಿತ್ತು ಅಂತ ಒಪ್ಪಿಕೊಳ್ಳುತ್ತೇನೆ. ಆದರೆ ಒಂದೊಂದು ತುಂಡೂ 110 ಸೆಂಟಿಮೀಟರ್ ಹತ್ತಿರ. ಯಾವ ಸೂಟ್‌ಕೇಸಿಗೂ ಹಿಡಿಸದು, ಬೇರೆ ಕೊಳವೆಯಲ್ಲಿ ಹಾಕಿ ಕೊಡಬೇಕು. ಅಷ್ಟುದ್ದದ ಸಾಮಾನನ್ನು ಬೇರೆ ಕೌಂಟರಿಗೆ ಕಳಿಸುತ್ತಿದ್ದರು. 2018ರಲ್ಲಿ ಪೋರ್ಟ್ ಬ್ಲೇರಿನಲ್ಲಿ ನಾನು ಇಳಿದೆ, ಸೂಟ್‌ಕೇಸ್ ಇಳಿಯಿತು, ರಾಡ್ ಇಳಿಯಲಿಲ್ಲ. ಮಾರನೇ ದಿನ ಮಧ್ಯಾಹ್ನ ಬಂತು. ನಾವು ಹೇಳಿಟ್ಟಿದ್ದ ಬೋಟು ಬೆಳಿಗ್ಗೆ ಐದಕ್ಕೇ ಹೊರಟಾಗಿತ್ತು. ಆರು ತಿಂಗಳಿಂದ ಕಾದಿದ್ದ ದಿನ ಅದು. ಬೋಟಿನವರ ನೈಲಾನ್ ದಾರ ಕೈಯಲ್ಲಿ ಹಿಡಿದು ಕೂತಿದ್ದೆ, ಮನಸ್ಸು ಮಾತ್ರ ವಿಮಾನ ನಿಲ್ದಾಣದಲ್ಲೇ ಇತ್ತು.

ಊರಿಗೆ ಬಂದವನೇ ಅಳತೆ ಟೇಪ್ ತೆಗೆದುಕೊಂಡು ಮನೆಯ ಸೂಟ್‌ಕೇಸ್ ಒಳಗಡೆ ಅಳೆದೆ. ನೀವೂ ಮೊದಲು ಇದನ್ನೇ ಮಾಡಿ. ಅಂಗಡಿಯವರು ಹೇಳುವುದು ಹೊರಗಿನ ಅಳತೆ, ಅದರಲ್ಲಿ ಚಕ್ರವೂ ಸೇರಿರುತ್ತದೆ. ನನ್ನ ಮಧ್ಯಮ ಗಾತ್ರದ ಸೂಟ್‌ಕೇಸ್ ಒಳಗೆ ನೇರವಾಗಿ 60 ಸೆಂಟಿಮೀಟರ್ ಇತ್ತು. ಏಳು ಅಡಿಯ ರಾಡ್ ನಾಲ್ಕು ತುಂಡಾದರೆ ಸೇರುವ ಜಾಗವೂ ಲೆಕ್ಕಕ್ಕೆ ಬಂದು 57 ಆಗುತ್ತದೆ. ಎಂಟು ಅಡಿಯದ್ದಾದರೆ 65ರ ಹತ್ತಿರ ಹೋಗುತ್ತದೆ, ಆಗ ಮೂಲೆಯಿಂದ ಮೂಲೆಗೆ ಓರೆಯಾಗಿ ಇಡಬೇಕು. ಸುಮ್ನೆ ರಾಡ್ ಚೆನ್ನಾಗಿದೆ ಅಂತ ಕೊಂಡು, ಆಮೇಲೆ ಅದಕ್ಕೊಂದು ದೊಡ್ಡ ಪೆಟ್ಟಿಗೆ ಹುಡುಕುವುದು ಬೇಡ.

ಇನ್ನು ಶಕ್ತಿ. ಇದು 10ರಿಂದ 40 ಗ್ರಾಂ ತೂಕದ ಲ್ಯೂರ್, ಅಂದರೆ ಮೀನಿಗೆ ಆಸೆ ತೋರಿಸುವ ಕೃತಕ ಎರೆ, ಎಸೆಯುವ ರಾಡ್. ಎಲ್ಲದಕ್ಕೂ ಒಂದೇ ರಾಡ್ ಅಂದಾಗ ಜನ ಗಟ್ಟಿ ಇರಲಿ ಅಂತ ಭಾರದ್ದನ್ನೇ ಆರಿಸುತ್ತಾರೆ. ಹಾಗೆ ಮಾಡಿದರೆ 12 ಗ್ರಾಮಿನ ಸ್ಪೂನ್, ಅಂದರೆ ಚಮಚದ ಆಕಾರದ ಲೋಹದ ಲ್ಯೂರ್, ದೂರ ಹೋಗುವುದೇ ಇಲ್ಲ. ನನ್ನ ಅನುಭವದಲ್ಲಿ ಈ ನಡುವಿನ ಶಕ್ತಿಯದ್ದೇ ಜಾಸ್ತಿ ಕಡೆ ಕೆಲಸಕ್ಕೆ ಬಂದಿದೆ. ಅಳಿವೆಯ ಕೆಂಬೇರಿಗೆ, ನದಿಯ ಮಹಶೀರ್‌ಗೆ, ಹವಳದ ದಿಬ್ಬದ ಪಕ್ಕದ ಬರಾಕುಡಾಕ್ಕೆ ಇದೊಂದೇ ರಾಡ್ ಹಿಡಿದಿದ್ದೇನೆ.

ದಾರ ಸುತ್ತುವ ರೀಲ್ 4000 ಗಾತ್ರದ್ದು. ಇಲ್ಲೊಂದು ಎಚ್ಚರಿಕೆ. ಈ ಸಂಖ್ಯೆ ಎಲ್ಲ ಕಂಪನಿಗೂ ಒಂದೇ ಅಲ್ಲ. ಡೈವಾದ ಬಿಜಿ ಸಾಲಿನಲ್ಲಿ 3000 ಅಂದರೆ ಶಿಮಾನೊದ 4000 ಇದ್ದ ಹಾಗೆ. ಸಂಖ್ಯೆಗಿಂತ ಎಷ್ಟು ದಾರ ಹಿಡಿಸುತ್ತದೆ ಅಂತ ನೋಡಿ. ದಾರದ ದಪ್ಪ ಹೇಳುವ ಪಿಇ ಲೆಕ್ಕದಲ್ಲಿ 2 ನಂಬರಿನ ಹೆಣೆದ ದಾರ, ಅಂದರೆ ಬ್ರೇಡ್, 200 ಮೀಟರ್ ಹಿಡಿಸಿದರೆ ಸಾಕು. ಈ ದಾರದ ದಪ್ಪ 0.235 ಮಿಲಿಮೀಟರ್, ತಡೆಯುವ ತೂಕ 30 ಪೌಂಡಿನ ಆಸುಪಾಸು. ಅಷ್ಟೇ ತಡೆಯುವ ನೈಲಾನ್ ದಾರ ಇದರ ಎರಡರಷ್ಟು ದಪ್ಪ ಇರುತ್ತದೆ. ಸಣ್ಣ ರೀಲಿನಲ್ಲಿ ಉದ್ದ ದಾರ ಒಯ್ಯಲು ಸಾಧ್ಯವಾಗುವುದು ಇದರಿಂದಲೇ.

ಆ 200 ಮೀಟರಿನ ಬೆಲೆ ಗೊತ್ತಾಗಿದ್ದು ಪಂಚೇಶ್ವರದಲ್ಲಿ. ಅಲ್ಲಿ ಸರಯೂ ನದಿ ಮಹಾಕಾಳಿಗೆ ಸೇರುತ್ತದೆ. ಆಚೆ ದಡ ನೇಪಾಳ. ನಮ್ಮ ಕಾವೇರಿ ವನ್ಯಧಾಮದಲ್ಲಿ ಗಾಳ ಹಾಕುವುದು ನಿಂತು ವರ್ಷಗಳೇ ಆದವು. ಕಾವೇರಿಯ ಡುಬ್ಬದ ಮಹಶೀರ್ ಅಳಿವಿನ ಅಂಚಿಗೆ ಬಂದಿದೆ ಅಂತ 2018ರಲ್ಲಿ ಐಯುಸಿಎನ್ ಕೆಂಪು ಪಟ್ಟಿಗೂ ಸೇರಿತು. ಅದನ್ನು ಅದರ ಪಾಡಿಗೆ ಬಿಡುವುದೇ ಸರಿ. ಹಾಗಾಗಿ ಬೆಂಗಳೂರಿನಿಂದ ದೆಹಲಿಗೆ ವಿಮಾನ, ಅಲ್ಲಿಂದ ಕಾಠ್‌ಗೋದಾಮ್‌ಗೆ ರೈಲು, ಆಮೇಲೆ ಲೋಹಾಘಾಟ್ ದಾಟಿ ಬೆಟ್ಟದ ದಾರಿಯಲ್ಲಿ ಜೀಪು. ಪರವಾನಗಿ ಮಾಡಿಸಿಕೊಂಡು, ಹಿಡಿದ ಮೀನನ್ನು ವಾಪಸ್ ಬಿಡುವ ಕರಾರಿನ ಮೇಲೆ ಹೋಗಿದ್ದೆವು.

ಮಾರ್ಚ್ ತಿಂಗಳು. ಎರಡು ನೀರು ಕೂಡುವ ಗೆರೆಯಲ್ಲಿ 18 ಗ್ರಾಮಿನ ತಾಮ್ರದ ಬಣ್ಣದ ಸ್ಪೂನ್ ಎಸೆಯುತ್ತಿದ್ದೆ. ಎರಡನೇ ದಿನ ಸಂಜೆ ಬಂಡೆಗೆ ಸಿಕ್ಕಿತು ಅಂದುಕೊಂಡೆ. ಬಂಡೆ ಓಡಿತು. ರೀಲ್ ಕೂಗಿಕೊಂಡೇ ಇತ್ತು, ದಾರ ಹರಿವಿನ ಕೆಳಗೆ ಹೋಗುತ್ತಲೇ ಇತ್ತು. ತಡೆಯಲು ನೋಡಿದರೆ ತುಂಡಾಗುತ್ತದೆ, ಬಿಟ್ಟರೆ ಮುಗಿಯುತ್ತದೆ. ಉರುಟು ಕಲ್ಲಿನ ಮೇಲೆ ಮೀನಿನ ಹಿಂದೆ ನಾನೂ ನಡೆದೆ. ಸ್ಪೂಲಿನ ತಳ ಕಾಣುವಷ್ಟು ದಾರ ಹೋಗಿತ್ತು. ಕೊನೆಗೆ ಮಡುವಿನ ಹತ್ತಿರ ತಿರುಗಿತು. ಸುಮಾರು ಏಳು ಕೇಜಿಯ ಹೊನ್ನ ಬಣ್ಣದ ಮಹಶೀರ್. ನೀರಲ್ಲೇ ಕೊಕ್ಕೆ ಬಿಡಿಸಿ, ಹರಿವಿಗೆ ಮುಖ ಮಾಡಿ ಹಿಡಿದುಕೊಂಡೆ. ಅದು ಉಸಿರು ಸುಧಾರಿಸಿಕೊಂಡು ಬಾಲ ಬೀಸಿದಾಗ ನನ್ನ ಕೈ ನಡುಗುತ್ತಿತ್ತು. ಭಾರದ ರಾಡ್ ಇದ್ದಿದ್ದರೆ ಆ ಮೀನು ಬೇಗ ದಡಕ್ಕೆ ಬರುತ್ತಿತ್ತೇನೋ. ಆದರೆ ಆ 18 ಗ್ರಾಮಿನ ಸ್ಪೂನ್ ಅಷ್ಟು ದೂರ ಹೋಗುತ್ತಿರಲಿಲ್ಲ, ಅಲ್ವಾ? ಇದೇ ಜಾಗವನ್ನು ಮುಳುಗಿಸುವ ಅಣೆಕಟ್ಟಿನ ಮಾತು 1996ರ ಮಹಾಕಾಳಿ ಒಪ್ಪಂದದಿಂದಲೂ ನಡೆದಿದೆ. ಅಲ್ಲಿ ನಿಂತು ನೋಡಿದವರಿಗೆ ಆ ಸುದ್ದಿ ಓದಿದಾಗಲೆಲ್ಲ ಸಂಕಟ ಆಗುತ್ತದೆ.

ಈ ರಾಡಿನ ಮಿತಿ ತಿಳಿದಿದ್ದು ಅಂಡಮಾನಿನಲ್ಲಿ. ಹ್ಯಾವ್‌ಲಾಕ್, ಈಗಿನ ಸ್ವರಾಜ್ ದ್ವೀಪದ ಹತ್ತಿರ ಬೆಳಗಿನ ಹೊತ್ತು ಬರಾಕುಡಾ ಹಿಡಿಯುತ್ತಿದ್ದೆವು. 30 ಗ್ರಾಮಿನ ಲ್ಯೂರಿಗೆ ದೊಡ್ಡ ಜಿಟಿ, ಅಂದರೆ ಜೈಂಟ್ ಟ್ರೆವಾಲಿ, ಬಾಯಿ ಹಾಕಿತು. ನೇರ ಹವಳದ ಕಡೆಗೆ ಹೋಯಿತು. ನಾನು ಡ್ರ್ಯಾಗ್, ಅಂದರೆ ರೀಲಿನ ಬ್ರೇಕ್, ಮುಟ್ಟುವ ಮೊದಲೇ ದಾರ ತುಂಡು. ಮೀನು ಹೋಯಿತು ಅನ್ನುವುದಕ್ಕಿಂತ ಅದು ಬಾಯಲ್ಲಿ ಕೊಕ್ಕೆ ಇಟ್ಟುಕೊಂಡು ಹೋಯಿತಲ್ಲ ಅನ್ನುವುದೇ ಕಾಡಿತು. ಅವತ್ತಿನಿಂದ ಎಲ್ಲ ಲ್ಯೂರಿನ ಮೂರು ಮುಳ್ಳಿನ ಕೊಕ್ಕೆ ತೆಗೆದು ಒಂಟಿ ಕೊಕ್ಕೆ ಹಾಕಿದ್ದೇನೆ, ಅದರ ಹಿಮ್ಮುಳ್ಳನ್ನೂ ಇಕ್ಕಳದಲ್ಲಿ ಒತ್ತಿಬಿಟ್ಟಿದ್ದೇನೆ. ಇದರಿಂದ ಇನ್ನೊಂದು ಅನುಕೂಲವೂ ಆಯಿತು. ಡಬ್ಬಿಯಲ್ಲಿ ಒಂದಕ್ಕೊಂದು ಸಿಕ್ಕಿಕೊಳ್ಳುವುದಿಲ್ಲ, ಬ್ಯಾಗ್ ತಪಾಸಣೆ ಮಾಡುವವರ ಬೆರಳಿಗೂ ಚುಚ್ಚುವುದಿಲ್ಲ.

ಜಿಟಿಗೆ ಪಿಇ 8 ಅಥವಾ 10ರ ದಾರ, 14000ಕ್ಕೆ ಮೇಲ್ಪಟ್ಟ ರೀಲ್, 100 ಗ್ರಾಂ ದಾಟಿದ ಪಾಪರ್, ಅಂದರೆ ನೀರಿನ ಮೇಲೆ ಸದ್ದು ಮಾಡುತ್ತಾ ಬರುವ ಲ್ಯೂರ್, ಬೇಕು. ಅದನ್ನೆಲ್ಲ ಬೆಂಗಳೂರಿನಿಂದ ಹೊತ್ತುಕೊಂಡು ಹೋಗಬೇಡಿ. ಅಲ್ಲಿ ಜಿಟಿಗೇ ಅಂತ ಕರೆದುಕೊಂಡು ಹೋಗುವ ಬೋಟಿನವರ ಬಳಿ ಬಾಡಿಗೆಗೆ ಇರುತ್ತದೆ, ಮುಂಚೆ ಫೋನ್ ಮಾಡಿ ಕೇಳಿ. ಹಾಗೇ ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದ ಒಳಗೆ ಗಾಳ ಹಾಕುವಂತಿಲ್ಲ. ಯಾರಾದರೂ ಪರವಾಗಿಲ್ಲ ಬನ್ನಿ ಅಂದರೂ ಹೋಗಬೇಡಿ.

ರಾಡಿನ ಕಷ್ಟಗಳನ್ನೂ ಹೇಳಬೇಕು. ನಾಲ್ಕು ತುಂಡು ಅಂದರೆ ಮೂರು ಜಾಯಿಂಟ್. ಎಸೆಯುತ್ತಾ ಹೋದ ಹಾಗೆ ಅವು ಸಡಿಲ ಆಗುತ್ತವೆ. ಗಮನಿಸದೆ ಎಸೆದರೆ ತುದಿಯ ತುಂಡು ದಾರದ ಮೇಲೆ ಜಾರಿ ನೀರಿಗೆ ಇಳಿಯುತ್ತದೆ, ಕೆಲವೊಮ್ಮೆ ಜಾಯಿಂಟ್ ಹತ್ತಿರ ಸೀಳುತ್ತದೆ. ಇಪ್ಪತ್ತು ಸಲ ಎಸೆದ ಮೇಲೆ ಒಮ್ಮೆ ಒತ್ತಿ ನೋಡುವುದು ಈಗ ನನ್ನ ಕೈಗೆ ಅಭ್ಯಾಸ. ಜಾಯಿಂಟಿಗೆ ಸ್ವಲ್ಪ ಮೇಣದ ಬತ್ತಿ ಉಜ್ಜಿದರೆ ಹಿಡಿತ ಚೆನ್ನಾಗಿರುತ್ತದೆ.

ಇದರ ಉಲ್ಟಾ ಕೂಡ ಆಗುತ್ತದೆ. ಉಪ್ಪುನೀರು ಒಣಗಿ ಜಾಯಿಂಟ್ ಕಚ್ಚಿಕೊಳ್ಳುತ್ತದೆ. ಒಮ್ಮೆ ನಾಳೆ ವಿಮಾನ ಅನ್ನುವ ರಾತ್ರಿ ನಡುವಿನ ಜಾಯಿಂಟ್ ಬರಲೇ ಇಲ್ಲ. ಏಳಡಿ ರಾಡ್ ಹಿಡಿದುಕೊಂಡು ವಿಮಾನ ಹತ್ತುವುದು ಹೇಗೆ? ಬೋಟಿನ ಹುಡುಗ ದಾರಿ ತೋರಿಸಿದ. ಇಬ್ಬರೂ ಎದುರು ಬದುರು ನಿಂತು, ಒಬ್ಬೊಬ್ಬರ ಒಂದು ಕೈ ಜಾಯಿಂಟಿನ ಆ ಕಡೆ, ಇನ್ನೊಂದು ಕೈ ಈ ಕಡೆ. ತಿರುಚದೆ ನೇರವಾಗಿ ಎಳೆದೆವು. ಟಪ್ಪಂತ ಬಂತು. ದಾರ ಹಾಯುವ ಗೈಡ್ ರಿಂಗ್ ಹಿಡಿದು ಎಳೆಯಬೇಡಿ, ಅದು ಕಿತ್ತುಬರುತ್ತದೆ.

ನಾಲ್ಕನೇ ವರ್ಷ ದಾರ ಪದೇ ಪದೇ ತುಂಡಾಗಲು ಶುರುವಾಯಿತು. ದಾರ ಹಳೆಯದಾಯಿತು ಅಂತ ಹೊಸದು ಸುತ್ತಿಸಿದೆ, ಅದೂ ಹಾಗೇ ಆಯಿತು. ಆಮೇಲೆ ಹತ್ತಿಯನ್ನು ಒಂದೊಂದೇ ಗೈಡ್ ರಿಂಗಿನೊಳಗೆ ಹೊಸೆದು ನೋಡಿದೆ. ಬುಡದಿಂದ ಎರಡನೇ ರಿಂಗಿನಲ್ಲಿ ಎಳೆ ಸಿಕ್ಕಿಕೊಂಡಿತು. ಕಣ್ಣಿಗೆ ಕಾಣದ ಬಿರುಕು, ಸೂಟ್‌ಕೇಸಿನಲ್ಲಿ ಎಲ್ಲೋ ಪೆಟ್ಟು ಬಿದ್ದಿರಬೇಕು. ರಿಂಗ್ ಬದಲಾಯಿಸಿದ ಮೇಲೆ ಮತ್ತೆ ತೊಂದರೆ ಇಲ್ಲ. ತುದಿಯ ರಿಂಗ್ ಮಾತ್ರ ಒಂದು ಹೆಚ್ಚಿಗೆ ಇಟ್ಟುಕೊಳ್ಳಿ, ಜೊತೆಗೆ ಬಿಸಿ ಮಾಡಿ ಅಂಟಿಸುವ ಗ್ಲೂ ಕಡ್ಡಿಯ ಒಂದು ಚೂರು. ಲೈಟರ್ ವಿಮಾನದಲ್ಲಿ ಒಯ್ಯುವಂತಿಲ್ಲ, ಬೋಟಿನವರ ಹತ್ತಿರ ಇದ್ದೇ ಇರುತ್ತದೆ.

ಕಂಪನಿ ಕೊಟ್ಟ ಬಟ್ಟೆ ಚೀಲ ಪೆಟ್ಟು ತಡೆಯಲ್ಲ. ಪ್ಲಂಬಿಂಗ್ ಅಂಗಡಿಯಲ್ಲಿ 75 ಎಂಎಂ ಪಿವಿಸಿ ಪೈಪ್ ಕತ್ತರಿಸಿ, ಎರಡೂ ಕಡೆ ಮುಚ್ಚಳ ಹಾಕಿಸಿಕೊಂಡೆ. ಅರ್ಧ ಕೇಜಿ ಹತ್ತಿರ ಭಾರ. ರಾಡ್, ರೀಲ್, ಒಂದು ಡಬ್ಬಿ ಲ್ಯೂರ್ ಎಲ್ಲ ಸೇರಿ ಮೂರು ಕೇಜಿ ದಾಟುವುದಿಲ್ಲ. ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ ಸಿಗುವ 15 ಕೇಜಿಯಲ್ಲಿ ಬಟ್ಟೆಗೆ ಬೇಕಾದಷ್ಟು ಉಳಿಯುತ್ತದೆ.

ಕೊಕ್ಕೆ, ಚಾಕು, ಇಕ್ಕಳ ಎಲ್ಲ ಚೆಕ್-ಇನ್ ಸೂಟ್‌ಕೇಸಿಗೆ. ತಲೆಗೆ ಕಟ್ಟುವ ದೀಪದ ಹೆಚ್ಚಿನ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಕೈಚೀಲಕ್ಕೆ. ರೀಲ್ ದುಬಾರಿ ಅಂತ ಮೊದಲು ಕೈಚೀಲದಲ್ಲಿ ಇಡುತ್ತಿದ್ದೆ. ಒಂದು ವಿಮಾನ ನಿಲ್ದಾಣದಲ್ಲಿ ಭದ್ರತೆಯವರು ದಾರ ಎಳೆದು ನೋಡಿ, ಇದನ್ನು ಒಳಗೆ ಬಿಡಲ್ಲ ಅಂದರು. ಬೋರ್ಡಿಂಗ್ ಶುರುವಾಗುವ ಹೊತ್ತಿಗೆ ವಾಪಸ್ ಕೌಂಟರಿಗೆ ಓಡಿದ್ದೆ. ಈಗ ರೀಲನ್ನು ಡ್ರ್ಯಾಗ್ ಸಡಿಲ ಮಾಡಿ, ಕಾಲುಚೀಲದೊಳಗೆ ತೂರಿಸಿ, ಬಟ್ಟೆಗಳ ನಡುವೆ ಇಡುತ್ತೇನೆ. ಸೀಸದ ಗುಂಡು ಒಯ್ಯುವುದೇ ಇಲ್ಲ. ಪೋರ್ಟ್ ಬ್ಲೇರಿನಲ್ಲಿ, ಈಗ ಶ್ರೀ ವಿಜಯ ಪುರಂ ಅನ್ನುತ್ತಾರೆ, ಮೀನುಗಾರರ ಸಾಮಾನಿನ ಅಂಗಡಿಯಲ್ಲೇ ಕೊಳ್ಳುತ್ತೇನೆ. ಬರುವಾಗ ಬೋಟಿನವರಿಗೇ ಕೊಟ್ಟು ಬರುತ್ತೇನೆ.

ಕಳೆದ ದೀಪಾವಳಿಗೆ ಗಂಗೊಳ್ಳಿಗೆ ಹೋದಾಗ ಅಳಿವೆ ದಡದಲ್ಲಿ ರಾಡ್ ಜೋಡಿಸುತ್ತಿದ್ದೆ. ಕೈದಾರದಲ್ಲೇ ಜೀವಮಾನ ಮೀನು ಹಿಡಿದ ಪಕ್ಕದ ಮನೆಯ ಅಜ್ಜ ಬಂದು ನಿಂತರು. ನಾಲ್ಕೂ ತುಂಡು ಸೇರುವವರೆಗೆ ನೋಡಿದರು. ಆಮೇಲೆ ರಾಡ್ ಕೈಗೆ ತೆಗೆದುಕೊಂಡು, ತುದಿಯನ್ನು ಮೆಲ್ಲಗೆ ಬಗ್ಗಿಸಿ, ಜಾಯಿಂಟ್ ಒಂದೊಂದನ್ನೇ ಬೆರಳಿಂದ ಸವರಿದರು. "ಗಟ್ಟಿ ಉಂಟು ಮಾರಾಯ" ಅಂದರು. ಹಾಗೇ ಎಸೆಯಲು ಕೊಟ್ಟೆ. ಮೂರನೇ ಸಲಕ್ಕೆ ಅಂಗೈ ಉದ್ದದ ಕೆಂಬೇರಿ ಬಂತು, ಚಿಕ್ಕದು ಅಂತ ಅವರೇ ನೀರಿಗೆ ಬಿಟ್ಟರು.