ಏಳನೇ ತಿಂಗಳಲ್ಲಿ ಫ್ಲೂ ಇಂಜೆಕ್ಷನ್ ಹಾಕಿಸ್ಕೊಂಡೆ, ಕೇಳ್ತಿದ್ದವ್ರಿಗೆ ನನ್ನ ರಿವ್ಯೂ

ಹೋದ ಜುಲೈನಲ್ಲಿ ನಂಗೆ 28ನೇ ವಾರ ನಡೀತಿತ್ತು. ಮೈಸೂರಲ್ಲಿ ಮಳೆ ಹಿಡ್ಕೊಂಡಿತ್ತು, ದೊಡ್ಡ ಮಗಳು ಯುಕೆಜಿಯಿಂದ ದಿನಾ ಮೂಗು ಸೋರಿಸ್ಕೊಂಡೇ ಬರೋಳು, ಚೆಕಪ್‌ಗೆ ಹೋದಾಗ ಡಾಕ್ಟ್ರು ಟಿಡಿ (ಧನುರ್ವಾಯು, ಗಂಟಲಮಾರಿಗೆ ಹಾಕೋ ಲಸಿಕೆ) ಆಯ್ತಲ್ಲ, ಫ್ಲೂದು ಒಂದು ಹಾಕಿಸ್ಕೊಂಡ್ಬಿಡಿ ಅಂದ್ರು. ಟಿಡಿ ಸರ್ಕಾರಿ ಆಸ್ಪತ್ರೇಲಿ ಫ್ರೀ, ಇದು ಹಂಗಲ್ಲ, ನಾವೇ ದುಡ್ಡು ಕೊಟ್ಟು ಹಾಕಿಸ್ಕೋಬೇಕು, ನಂಗೆ ಎರಡು ಸಾವಿರದ ಹತ್ತಿರ ಬಿತ್ತು.

ಮೊದಲ್ನೇ ಸಲ ಎಡವಟ್ಟಾಯ್ತು. ಚೀಟಿ ತಗೊಂಡು ನಮ್ಮೆಜಮಾನ್ರು ಮಧ್ಯಾಹ್ನ ಒಂದು ಮೆಡಿಕಲ್ ಶಾಪ್‌ನಿಂದ ತಂದ್ರು, ಅಂಗಡಿಯವ್ರು ಐಸ್ ಪ್ಯಾಕ್ ಇಲ್ದೆ ಬರೀ ಕವರ್‌ಗೆ ಹಾಕಿ ಕೊಟ್ಟಿದಾರೆ, ಇವ್ರಿಗೂ ಗೊತ್ತಿಲ್ಲ, ಸಂಜೆವರೆಗೂ ಬೈಕ್ ಡಿಕ್ಕಿಯಲ್ಲೇ ಇತ್ತು. ನರ್ಸ್ ಬಾಕ್ಸ್ ಮುಟ್ಟಿ ನೋಡಿದ ತಕ್ಷಣ "ಬೆಚ್ಚಗಿದೆಯಲ್ಲ ಸಾರ್, ಇದನ್ನ ಹಾಕಲ್ಲ" ಅಂತ ವಾಪಸ್ ಕೊಟ್ರು. 2ರಿಂದ 8 ಡಿಗ್ರಿ ಒಳಗೇ ಇರ್ಬೇಕಂತೆ, ಫ್ರೀಜರ್‌ಗೂ ಹಾಕೋಹಂಗಿಲ್ಲ. ಆ ದುಡ್ಡು ಹೋಯ್ತು. ಅಂಗಡಿ ಮೇಲೆ ಇವತ್ತಿಗೂ ಸಿಟ್ಟಿದೆ, ಗರ್ಭಿಣಿಗೆ ಹಾಕೋ ಲಸಿಕೆ ಅಂತ ಚೀಟಿಯಲ್ಲೇ ಬರ್ದಿತ್ತು, ಒಂದ್ಮಾತು ಹೇಳ್ಬೇಕಿತ್ತು.

ಆಮೇಲೆ ಲಸಿಕೆ ಅಲ್ಲೇ ಸ್ಟಾಕ್ ಇಟ್ಟಿರೋ ಒಂದು ಕ್ಲಿನಿಕ್ ಹುಡುಕಿ ಹೋದ್ವಿ, ಅಲ್ಲಿ ಮಾತ್ರ ತುಂಬಾ ಚೆನ್ನಾಗ್ ನೋಡ್ಕೊಂಡ್ರು. ಫ್ರಿಜ್ ಬಾಗಿಲ ಮೇಲೆ ಟೆಂಪರೇಚರ್ ಕಾಣ್ಸುತ್ತೆ, ನಮ್ಮೆದುರಿಗೇ ಬಾಕ್ಸ್ ತೆಗೆದು ಎಕ್ಸ್‌ಪೈರಿ ತೋರ್ಸಿದ್ರು, ಯಾವ ವರ್ಷದ ವೈರಸ್‌ಗೆ ಮಾಡಿರೋದು ಅಂತಾನೂ ಅದ್ರಲ್ಲಿ ಬರ್ದಿರುತ್ತೆ, ಅದನ್ನ ನೋಡ್ಲೇಬೇಕು, ಯಾಕಂದ್ರೆ ವೈರಸ್ ಬದಲಾಗ್ತಾ ಇರುತ್ತೆ. ಮೊಟ್ಟೆ ಅಲರ್ಜಿ ಇದೆಯಾ, ಹಿಂದೆ ಯಾವ್ದಾದ್ರೂ ಲಸಿಕೆಗೆ ತೊಂದ್ರೆ ಆಗಿತ್ತಾ ಅಂತ ಕೇಳಿದ್ರು. ತೋಳಿಗೆ ಅರ್ಧ ಎಂಎಲ್, ಸೆಕೆಂಡಲ್ಲಿ ಮುಗೀತು. ಇಪ್ಪತ್ತು ನಿಮಿಷ ಕೂರ್ಸಿ ತಾಯಿ ಕಾರ್ಡ್‌ನಲ್ಲಿ ಬ್ಯಾಚ್ ನಂಬರ್ ಬರ್ದು ಕಳ್ಸಿದ್ರು.

ಅವತ್ತು ರಾತ್ರಿ ಮೈ ಸ್ವಲ್ಪ ಬೆಚ್ಚಗಾಯ್ತು, ಡಾಕ್ಟ್ರಿಗೆ ಫೋನ್ ಮಾಡಿ ಕೇಳಿ ಒಂದು ಪ್ಯಾರಸಿಟಮಾಲ್ ತಗೊಂಡೆ. ತೋಳು ಎರಡು ದಿನ ನೋವಿತ್ತು, ಆ ಕಡೆ ಮಗ್ಗುಲಾಗೋಕೆ ಆಗ್ತಿರ್ಲಿಲ್ಲ. ಮಗು ಒದೆಯೋದು ಎಂದಿನ ಹಂಗೇ ಇತ್ತು. ಅಷ್ಟೇ, ಬೇರೇನೂ ಆಗ್ಲಿಲ್ಲ.

ನಮ್ಮತ್ತೆಗೆ ಮಾತ್ರ ಸುತಾರಾಂ ಇಷ್ಟ ಇರ್ಲಿಲ್ಲ. "ಬಸುರಿ ಹೊತ್ನಲ್ಲಿ ಇಲ್ಲದ್ದೆಲ್ಲ ಯಾಕಮ್ಮ ಚುಚ್ಚಿಸ್ಕೋತೀಯ, ಮಗೂಗೆ ಏನಾದ್ರೂ ಆದ್ರೆ" ಅಂತ. ಅವ್ರ ಭಯ ಸುಳ್ಳಲ್ಲ, ನಂಗೂ ಅದೇ ಭಯ ಇತ್ತು. ಡಾಕ್ಟ್ರು ಅವ್ರನ್ನ ಒಳಗೆ ಕರ್ಸಿ "ಅಮ್ಮಾ, ಹುಟ್ಟಿದ ಮಗೂಗೆ ಆರು ತಿಂಗಳು ತುಂಬೋವರ್ಗೂ ಈ ಲಸಿಕೆ ಹಾಕೋಹಂಗಿಲ್ಲ, ಅಲ್ಲೀವರ್ಗೂ ತಾಯಿಯಿಂದ ಬಂದ ರೋಗನಿರೋಧಕ ಶಕ್ತಿನೇ ಅದಕ್ಕೆ ಕಾವಲು" ಅಂದ್ರು. ಅತ್ತೆ ಆಮೇಲೆ ಮಾತಾಡ್ಲಿಲ್ಲ.

ನಾನೂ ಕೂತ್ಕೊಂಡು ಓದ್ದೆ. ಈ ಇಂಜೆಕ್ಷನ್‌ನಲ್ಲಿ ಜೀವ ಇರೋ ವೈರಸ್ ಇಲ್ಲ, ಹಂಗಾಗಿ ಇದ್ರಿಂದ ಫ್ಲೂ ಬರಲ್ಲ. ಮೂಗಿಗೆ ಸ್ಪ್ರೇ ಮಾಡೋದು ಬೇರೆ, ಅದ್ರಲ್ಲಿ ಜೀವಂತ ವೈರಸ್ ಇರುತ್ತೆ, ಗರ್ಭಿಣಿಯರಿಗೆ ಅದು ಬೇಡ. ಗರ್ಭಿಣಿಯರಿಗೆ ಮೊದ್ಲು ಕೊಡ್ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲೇ ಹೇಳಿದೆ, ಯಾವ ತಿಂಗಳಲ್ಲಾದ್ರೂ ಹಾಕ್ಬಹುದು. ಈ ಲಸಿಕೆಯಿಂದ ಗರ್ಭಪಾತ ಆಗುತ್ತೆ ಅನ್ನೋ ಭಯಕ್ಕೆ ಒಂದು ಕಾರಣ ಅಮೆರಿಕದಲ್ಲಿ 2017ರಲ್ಲಿ ಬಂದ ಒಂದು ಸ್ಟಡಿ, ಅದೇ ತಂಡದವ್ರು ಇನ್ನೂ ಜಾಸ್ತಿ ಜನರನ್ನ ಸೇರ್ಸಿ 2019ರಲ್ಲಿ ಮತ್ತೆ ನೋಡಿದಾಗ ಅಂಥ ಸಂಬಂಧ ಕಾಣ್ಲಿಲ್ಲ.

ಕೆಲ್ಸ ಎಷ್ಟು ಮಾಡುತ್ತೆ ಅಂದ್ರೆ, ಬಾಂಗ್ಲಾದೇಶದಲ್ಲಿ 340 ಗರ್ಭಿಣಿಯರ ಮೇಲೆ ಮಾಡಿದ ಟ್ರಯಲ್ 2008ರಲ್ಲಿ ಬಂತು, ಕೊನೇ ಮೂರು ತಿಂಗಳಲ್ಲಿ ಲಸಿಕೆ ತಗೊಂಡ ತಾಯಂದಿರ ಮಕ್ಕಳಲ್ಲಿ ಲ್ಯಾಬ್‌ನಲ್ಲಿ ಖಚಿತವಾದ ಫ್ಲೂ 63 ಪರ್ಸೆಂಟ್ ಕಮ್ಮಿ. ದಕ್ಷಿಣ ಆಫ್ರಿಕಾದ ದೊಡ್ಡ ಟ್ರಯಲ್‌ನಲ್ಲಿ ತಾಯಿಗೂ ಮಗೂಗೂ ಸುಮಾರು ಅರ್ಧದಷ್ಟು ರಕ್ಷಣೆ ಸಿಕ್ತು. ನೂರಕ್ಕೆ ನೂರು ಅಲ್ಲ, ಮಾಮೂಲಿ ನೆಗಡಿಗಂತೂ ಇದು ಅಲ್ವೇ ಅಲ್ಲ. ಆದ್ರೆ 2009ರಲ್ಲಿ ಎಚ್1ಎನ್1 (ಹಂದಿ ಜ್ವರ ಅಂತಿದ್ರಲ್ಲ, ಆ ಫ್ಲೂ) ಬಂದಾಗ ಐಸಿಯು ಸೇರಿದ್ರಲ್ಲಿ ಗರ್ಭಿಣಿಯರು ಎಷ್ಟೊಂದು ಜನ ಇದ್ರು ಅಂತ ಓದಿದ್ಮೇಲೆ ಅರ್ಧ ರಕ್ಷಣೆನೂ ನಂಗೆ ಸಣ್ಣದು ಅನ್ಸಲ್ಲ.

ಜನವರಿಯಲ್ಲಿ ದೊಡ್ಡವಳಿಗೆ 103 ಜ್ವರ ಬಂತು, ಟೆಸ್ಟ್‌ನಲ್ಲಿ ಫ್ಲೂ ಅಂತಾನೇ ಬಂತು. ಚಿಕ್ಕವನಿಗೆ ಆಗ ಮೂರು ತಿಂಗಳು. ಅವ್ನನ್ನ ಬೇರೆ ರೂಮಲ್ಲಿ ಇಟ್ಕೊಂಡು ಮಾಸ್ಕ್ ಹಾಕೊಂಡೇ ಹಾಲು ಕುಡ್ಸಿದೆ, ರಾತ್ರಿ ಎಷ್ಟೋ ಸಲ ಎದ್ದು ಹಣೆ ಮುಟ್ಟಿ ನೋಡ್ತಿದ್ದೆ. ಅವ್ನಿಗೆ ಬರ್ಲಿಲ್ಲ. ಲಸಿಕೆಯಿಂದಾನೇ ಅಂತ ನಾನು ಆಣೆ ಮಾಡಿ ಹೇಳಲ್ಲ, ಆದ್ರೆ ಆ ರಾತ್ರಿಗಳಲ್ಲಿ ಹಾಕಿಸ್ಕೊಂಡಿದೀನಿ ಅನ್ನೋದೇ ನಂಗೆ ದೊಡ್ಡ ಧೈರ್ಯ.

ಕ್ಲಿನಿಕ್‌ಗೆ ಐದಕ್ಕೆ ನಾಲ್ಕೂವರೆ, ಅರ್ಧ ಕಮ್ಮಿ ಯಾಕಂದ್ರೆ ಹೊಟ್ಟೆ ಹೊತ್ಕೊಂಡು ಮುಕ್ಕಾಲು ಗಂಟೆ ಕಾಯ್ಬೇಕಾಯ್ತು. ಹೋಗೋಕ್ ಮುಂಚೆ ನಿಮ್ಮ ಡಾಕ್ಟ್ರನ್ನ ಕೇಳಿ, ಸ್ಟಾಕ್ ಇದೆಯಾ ಅಂತ ಫೋನ್ ಮಾಡಿ, ತಾಯಿ ಕಾರ್ಡ್ ಮರೀಬೇಡಿ. ಲಸಿಕೆ ಕೆಲ್ಸ ಶುರು ಮಾಡೋಕೆ ಎರಡು ವಾರ ಬೇಕು, ಮಳೆಗಾಲಕ್ಕೆ ಮುಂಚೆನೇ ಆದ್ರೆ ಒಳ್ಳೇದು.