ಪಾರ್ಲಿಮೆಂಟಿನ ಅರ್ಜಿ ಸಮಿತಿ: ಒಬ್ಬ ಟರ್ನರ್ ಬರೆದ ಇನ್‌ಸ್ಪೆಕ್ಷನ್ ಕಾರ್ಡು

ನಮ್ಮ ಸೊಸೆ ಒಂದು ಕುಕ್ಕರ್ ತಗೊಳ್ಳಬೇಕಾದರೂ ನಲವತ್ತು ಜನ ಬರೆದದ್ದನ್ನು ಓದುತ್ತಾಳೆ. ಗ್ಯಾಸ್ಕೆಟ್ ಲೀಕ್ ಆಗುತ್ತಾ, ಸೀಟಿ ಸರಿಯಾಗಿ ಬರುತ್ತಾ, ಹಿಡಿ ಎಷ್ಟು ದಿನ ಬಾಳುತ್ತೆ, ಎಲ್ಲ. ಜನ ಕಳಿಸಿದ ಅರ್ಜಿಗಳನ್ನು ವಿಚಾರಿಸುವ ಪಾರ್ಲಿಮೆಂಟಿನ ಅರ್ಜಿ ಸಮಿತಿ ಹೇಗೆ ಕೆಲಸ ಮಾಡುತ್ತೆ ಅಂತ ಬಳಸಿದವರು ಬರೆದದ್ದು ಮಾತ್ರ ನನಗೆ ಸಿಗಲಿಲ್ಲ. ಅದೂ ಒಂದು ಸೇವೆ ತಾನೇ? ಫೀಸಿಲ್ಲ, ವಕೀಲರು ಬೇಕಿಲ್ಲ, ಅಂಚೆ ಖರ್ಚು ಮಾತ್ರ. ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಲೇತ್ ಮುಂದೆ ನಿಂತವನು. 2011ರಲ್ಲಿ ರಿಟೈರ್ ಆದೆ. ಇಪಿಎಸ್-95, ಅಂದರೆ 1995ರ ನೌಕರರ ಪಿಂಚಣಿ ಯೋಜನೆಯ ಪೆನ್ಷನ್ ಬರುತ್ತದೆ. ಎಷ್ಟು ಅಂದರೆ, ಎರಡು ಸಾವಿರ ದಾಟಲ್ಲ. ಇದರಲ್ಲಿ ಯಾರೋ ಮೋಸ ಮಾಡಿದ್ದಾರೆ ಅಂತಲ್ಲ, ಲೆಕ್ಕವೇ ಹಾಗಿದೆ. ನಮ್ಮ ಕಾಲಕ್ಕೆ ಸಂಬಳ ಎಷ್ಟೇ ಇರಲಿ, ಪೆನ್ಷನ್ ಲೆಕ್ಕಕ್ಕೆ 6,500 ರೂಪಾಯಿಯೇ ಮಿತಿ. ಅದನ್ನು 1995ರ ನವೆಂಬರಿನಿಂದ ಈಚಿನ ಸರ್ವೀಸಿನಿಂದ ಗುಣಿಸಿ, 70ರಿಂದ ಭಾಗಿಸಬೇಕು. ಹಿಂದಿನ ವರ್ಷಗಳಿಗೆ ಒಂದಿಷ್ಟು ಚಿಲ್ಲರೆ ಸೇರುತ್ತದೆ. ಅಷ್ಟೆ. ತುಟ್ಟಿಭತ್ಯೆ ಇಲ್ಲ. ಮೊದಲ ತಿಂಗಳು ಎಷ್ಟು ಬಂತೋ ಇವತ್ತಿಗೂ ಅಷ್ಟೇ.

ನಮ್ಮಂಥವರು ಕೆಲವರು ಭಾನುವಾರ ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ಸೇರುತ್ತೇವೆ. ಅಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, "ಕೋಶಿಯಾರಿ ವರದಿ ಜಾರಿ ಆಗಬೇಕು." ವರ್ಷಗಟ್ಟಲೆ ನಾನೂ ಹಾಗೇ ಕೂಗಿದ್ದೇನೆ. ಒಂದು ದಿನ ಸುಮ್ನೆ ಕೇಳಿದೆ, "ಆ ವರದೀನ ಯಾರಾದ್ರೂ ಓದಿದ್ದೀರೇನ್ರೀ?" ಎಲ್ಲರೂ ಕಡಲೆಕಾಯಿ ಸುಲಿಯುತ್ತಾ ಕೂತರು. ಗೇರ್ ಕಟಿಂಗ್‌ನಲ್ಲಿ ನನ್ನ ಪಕ್ಕ ಇದ್ದ ಗೆಳೆಯ ಮಾತ್ರ, "ಓದೋದೇನಿದೆ ಮಾರಾಯ, ಮೂರು ಸಾವಿರ ಕೊಡಿ ಅಂತ ಇದೆ" ಅಂದ.

ಡ್ರಾಯಿಂಗ್ ನೋಡದೆ ಜಾಬ್, ಅಂದರೆ ಲೇತಿನಲ್ಲಿ ಕಡೆಯುವ ತುಂಡು, ಹಿಡಿಯುವುದು ನನಗೆ ಆಗಲ್ಲ. ಮೊಮ್ಮಗನ ಹತ್ತಿರ ಹುಡುಕಿಸಿದೆ. ರಾಜ್ಯಸಭೆಯ ಅರ್ಜಿ ಸಮಿತಿಯ 147ನೇ ವರದಿ, 2013ರ ಸೆಪ್ಟೆಂಬರಿನದು. ಜೆರಾಕ್ಸ್ ಅಂಗಡಿಯಲ್ಲಿ ಎರಡೂ ಬದಿ ಪ್ರಿಂಟ್ ಹಾಕಿಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿದೆ. ಇಂಗ್ಲಿಷಿನದು. ಪಕ್ಕದಲ್ಲಿ ಡಿಕ್ಷನರಿ, ಕಿವಿಯಲ್ಲಿ ಪೆನ್ಸಿಲ್. ಹನ್ನೆರಡು ದಿನ ಹಿಡಿಯಿತು.

ನನಗೆ ಮೊದಲು ಗೊತ್ತಾದದ್ದು, "ಕೋಶಿಯಾರಿ ಸಮಿತಿ" ಅಂತ ಸರ್ಕಾರ ನೇಮಿಸಿದ ಸಮಿತಿಯೇ ಇಲ್ಲ. ಇಷ್ಟು ವರ್ಷ ನಾನು ತಪ್ಪು ತಿಳಿದಿದ್ದೆ. ರಾಜ್ಯಸಭೆಗೆ ತನ್ನದೇ ಒಂದು ಕಾಯಂ ಅರ್ಜಿ ಸಮಿತಿ ಇದೆ. ಹತ್ತು ಜನ ಸದಸ್ಯರು, ಬೇರೆ ಬೇರೆ ಪಕ್ಷದವರು. ಲೋಕಸಭೆಯಲ್ಲೂ ಇದೆ, ಅಲ್ಲಿ ಹದಿನೈದು. ಆಗ ರಾಜ್ಯಸಭೆಯ ಸಮಿತಿಗೆ ಭಗತ್ ಸಿಂಗ್ ಕೋಶಿಯಾರಿ ಅಧ್ಯಕ್ಷರಾಗಿದ್ದರು, ಅದಕ್ಕೇ ಆ ಹೆಸರು. ನಮ್ಮ ಪೆನ್ಷನ್ ಬಗ್ಗೆ ಯಾರೋ ಪುಣ್ಯಾತ್ಮರು ಅರ್ಜಿ ಬರೆದಿದ್ದರು. ಸರ್ಕಾರ ತಾನಾಗಿ ಎದ್ದು ಬಂದು ವಿಚಾರಿಸಿದ್ದಲ್ಲ.

ಕೆಲಸದ ಕ್ರಮ ನನಗೆ ತುಂಬ ಹಿಡಿಸಿತು. ಅರ್ಜಿದಾರ ಏನು ಕೇಳಿದ್ದಾನೆ ಅಂತ ಮೊದಲು ಬರೆಯುತ್ತಾರೆ. ಆಮೇಲೆ ಇಲಾಖೆಯ ಉತ್ತರ. ಅಧಿಕಾರಿಗಳನ್ನು ಕರೆಸಿ ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ಕೊನೆಗೆ ಸಮಿತಿಯ ಸ್ವಂತ ಮಾತು, ಇಂಥ ವರದಿಗಳಲ್ಲಿ ಅದನ್ನು ದಪ್ಪ ಅಕ್ಷರದಲ್ಲಿ ಹಾಕಿರುತ್ತಾರೆ. ಪುರಸೊತ್ತಿಲ್ಲದವರು ದಪ್ಪ ಅಕ್ಷರ ಮಾತ್ರ ಓದಿದರೂ ಸಾಕು. ನಮ್ಮ ವಿಚಾರದಲ್ಲಿ ಆ ಮಾತು ಏನು ಅಂದರೆ, ಕನಿಷ್ಠ ಪೆನ್ಷನ್ ತಿಂಗಳಿಗೆ 3,000 ಮಾಡಿ. ಗೆಳೆಯ ಹೇಳಿದ್ದು ಸರಿಯೇ ಇತ್ತು ಅನ್ನಿ.

ಇಲ್ಲಿ ನಮ್ಮ ಕಾರ್ಖಾನೆಯ ಒಂದು ವಿಷಯ ಹೇಳಬೇಕು. ಟರ್ನಿಂಗ್ ಆದ ಜಾಬ್ ಸೀದಾ ಲಾರಿ ಹತ್ತಲ್ಲ. ಇನ್‌ಸ್ಪೆಕ್ಷನ್ ಬೆಂಚಿಗೆ ಹೋಗುತ್ತೆ. ಅಲ್ಲಿ ಒಬ್ಬರು ಹಿರಿಯರಿದ್ದರು. ಮೈಕ್ರೋಮೀಟರನ್ನು ಮಗುವಿನ ಕೈ ಹಿಡಿದ ಹಾಗೆ ಹಿಡಿಯುವವರು. ಒಂದು ಮಾರ್ಚ್ ಕೊನೆ, ಡಿಸ್ಪ್ಯಾಚ್ ಗಡಿಬಿಡಿ. ಒಂದು ಲಾಟ್ ಶಾಫ್ಟ್ 40 ಮೈಕ್ರಾನ್ ಜಾಸ್ತಿ ಬಂದಿತ್ತು. ಅವರು ಕೆಂಪು ಟ್ಯಾಗ್ ಕಟ್ಟಿದರು. ಮೇಲಿನವರು ಬಂದರು, ಟ್ಯಾಗ್ ಬಿಚ್ಚಿದರು, ಜೇಬಿಗೆ ಹಾಕಿಕೊಂಡರು, ಮಾಲು ಲಾರಿಗೆ ಹೋಯಿತು. ಹಿರಿಯರು ಒಂದು ಮಾತೂ ಆಡಲಿಲ್ಲ. ರಿಜಿಸ್ಟರ್ ತೆಗೆದು ಬರೆದರು: "40 ಮೈಕ್ರಾನ್ ಅಧಿಕ. ಸೂಚನೆ ಮೇರೆಗೆ ರವಾನೆ." ತಾರೀಕು, ಸಹಿ. ಎರಡು ತಿಂಗಳ ನಂತರ ಬೇರಿಂಗ್ ಕೂರಲ್ಲ ಅಂತ ಲಾಟಿಗೆ ಲಾಟೇ ವಾಪಸ್ ಬಂತು. ಎಲ್ಲರೂ ನನ್ನ ಲೇತ್ ಕಡೆ ಬೆರಳು ತೋರಿಸಿದಾಗ ನನ್ನನ್ನು ಉಳಿಸಿದ್ದು ಆ ಒಂದು ಸಾಲು.

ಪಾರ್ಲಿಮೆಂಟಿನ ಸಮಿತಿ ಅಂದರೆ ಆ ಬೆಂಚು. ಅಳತೆ ಮಾಡುತ್ತೆ, ಬರೆದಿಡುತ್ತೆ. ಲಾರಿ ನಿಲ್ಲಿಸುವ ಅಧಿಕಾರ ಇಲ್ಲ. ಸಮಿತಿಯ ಶಿಫಾರಸಿಗೆ ಸರ್ಕಾರ ಕಟ್ಟುಬೀಳಬೇಕಿಲ್ಲ. ಉತ್ತರ ಕೊಡಬೇಕು, ಅಷ್ಟೆ.

ಆ ಉತ್ತರದ ಕಥೆ ಇನ್ನೂ ಚೆನ್ನಾಗಿದೆ. ಅರ್ಜಿ ಸಮಿತಿ ಅಲ್ಲದೆ ಇಲಾಖೆಗಳ ಸ್ಥಾಯಿ ಸಮಿತಿಗಳು ಅಂತ 24 ಇವೆ. 1993ರಲ್ಲಿ ಶುರುವಾದಾಗ 17 ಇದ್ದವು. ಒಂದೊಂದರಲ್ಲೂ 31 ಜನ: ಲೋಕಸಭೆಯ 21, ರಾಜ್ಯಸಭೆಯ 10. ಮಂತ್ರಿಗಳಿಗೆ ಪ್ರವೇಶ ಇಲ್ಲ. ತನಿಖೆ ಮಾಡಿಸಿಕೊಳ್ಳುವವನೇ ತನಿಖೆಗೆ ಕೂರಬಾರದಲ್ವಾ. ಸರ್ಕಾರ ಏನು ಮಾಡಿತು ಅಂತ ಈ ಸಮಿತಿಗಳು ಮತ್ತೊಂದು ವರದಿ ತರುತ್ತವೆ, ಕ್ರಮ ಕೈಗೊಂಡ ವರದಿ. ಅದರಲ್ಲಿ ಶಿಫಾರಸುಗಳನ್ನು ವಿಂಗಡಿಸಿರುವುದನ್ನು ನೋಡಿ ನಾನು ನಕ್ಕುಬಿಟ್ಟೆ. ಸರ್ಕಾರ ಒಪ್ಪಿದ್ದು ಒಂದು ಅಧ್ಯಾಯ. ಸರ್ಕಾರದ ಉತ್ತರ ನೋಡಿ ಸಮಿತಿಯೇ ಕೈಬಿಟ್ಟದ್ದು ಇನ್ನೊಂದು. ಉತ್ತರ ಒಪ್ಪದೆ ಸಮಿತಿ ಪಟ್ಟು ಹಿಡಿದದ್ದು ಮತ್ತೊಂದು. ಕೊನೆಯ ಉತ್ತರ ಇನ್ನೂ ಬರದೇ ಇರುವುದು ಕೊನೆಯದು. ನಮ್ಮ ಬೆಂಚಿನ ಟ್ಯಾಗುಗಳೇ! ಓಕೆ, ಡೀವಿಯೇಶನ್, ರೀವರ್ಕ್, ಹೋಲ್ಡ್. ಯಾವುದಾದರೂ ಇಲಾಖೆಯ ಬಗ್ಗೆ ತಿಳಿಯಬೇಕಾದರೆ ಮೂಲ ವರದಿ ಬಿಡಿ, ಈ ಪಟ್ಟು ಹಿಡಿದ ಅಧ್ಯಾಯ ಓದಿ. ಯಾವ ಇಲಾಖೆ ಯಾವ ಪ್ರಶ್ನೆಗೆ ನುಣುಚಿಕೊಂಡಿತು ಅಂತ ಅಲ್ಲಿ ಸಿಗುತ್ತದೆ.

ಡೆಲಿವರಿ ವಿಷಯಕ್ಕೆ ಬರೋಣ. ಇಲ್ಲಿ ಮಾರ್ಕು ಕಡಿಮೆ. ವರದಿ ಹೇಳಿದ್ದು 3,000. ಬಂದದ್ದು 1,000, ಅದೂ ಒಂದು ವರ್ಷ ಬಿಟ್ಟು 2014ರ ಸೆಪ್ಟೆಂಬರಿನಿಂದ. ದಿಲ್ಲಿಯವರಿಗೆ ನಮ್ಮ ಕಷ್ಟ ಏನು ಗೊತ್ತು ಅಂತ ಲಾಲ್‌ಬಾಗ್‌ನಲ್ಲಿ ಕೆಲವರು ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. 2009ರಿಂದ 2013ರ ಜೂನ್‌ವರೆಗೆ ಕಾರ್ಮಿಕ ಸಚಿವರಾಗಿದ್ದವರು ನಮ್ಮ ಮಲ್ಲಿಕಾರ್ಜುನ ಖರ್ಗೆ. ವರದಿ ಬಂದ ಕೆಲವು ತಿಂಗಳಿಗೆ ಆ ಖಾತೆ ಆಸ್ಕರ್ ಫರ್ನಾಂಡಿಸ್ ಕೈಗೆ ಬಂತು. ಆಮೇಲೆ ಸರ್ಕಾರವೇ ಬದಲಾಯಿತು. ವರದಿ ಬರೆದ ಕೋಶಿಯಾರಿಯವರ ಪಕ್ಷವೇ ಅಧಿಕಾರಕ್ಕೆ ಬಂತು. ಸಾವಿರ ಮಾತ್ರ ಸಾವಿರವೇ. ಊರು, ಪಕ್ಷ ನೋಡಿ ಇದು ಅರ್ಥ ಆಗಲ್ಲ. ಬೆಂಚಿನಲ್ಲಿ ಕೂತಾಗ ಒಂದು ಕಣ್ಣು, ಡಿಸ್ಪ್ಯಾಚ್‌ನಲ್ಲಿ ಕೂತಾಗ ಇನ್ನೊಂದು.

2025ರಲ್ಲಿ ಕಾರ್ಮಿಕ ಇಲಾಖೆಯ ಸ್ಥಾಯಿ ಸಮಿತಿಯೂ ಈ ಸಾವಿರವನ್ನು ಏರಿಸಿ ಅಂತ ಬರೆಯಿತು. ಅಧ್ಯಕ್ಷರು ಬಸವರಾಜ ಬೊಮ್ಮಾಯಿ, ಹಾವೇರಿ ಸಂಸದರು. ಹನ್ನೆರಡು ವರ್ಷದಲ್ಲಿ ಒಂದೇ ಜಾಬಿಗೆ ಬೇರೆ ಬೇರೆ ಇನ್‌ಸ್ಪೆಕ್ಟರು ಒಂದೇ ಟ್ಯಾಗ್ ಕಟ್ಟಿದ ಹಾಗಾಯಿತು. ನಮ್ಮವರು ಈಗ ಕೇಳುತ್ತಿರುವುದು 7,500 ಮತ್ತು ತುಟ್ಟಿಭತ್ಯೆ. ಮೂರು ಸಾವಿರದ ಬೆಲೆ ಆಗಲೇ ಇಳಿದುಹೋಯಿತು ನೋಡಿ.

ಹಾಗಂತ ಎಲ್ಲ ವರದಿಯೂ ಕಪಾಟು ಸೇರುತ್ತೆ ಅಂತ ಹೇಳಿದರೆ ಸುಳ್ಳಾಗುತ್ತೆ. ಇದೇ ಕೋಶಿಯಾರಿ ಅಧ್ಯಕ್ಷತೆಯಲ್ಲಿ ಇದೇ ಅರ್ಜಿ ಸಮಿತಿ 2011ರಲ್ಲಿ ಮಾಜಿ ಸೈನಿಕರ ಅರ್ಜಿ ತಗೊಂಡಿತ್ತು, ಒಂದು ಶ್ರೇಣಿ ಒಂದು ಪಿಂಚಣಿ. ಅದು 142ನೇ ವರದಿ. 2015ರ ನವೆಂಬರಿನಲ್ಲಿ ಸರ್ಕಾರದ ಆದೇಶ ಬಂತು. ಸಮಿತಿ ಹೇಳಿದ ಹಾಗೇ ಇಲ್ಲ ಅಂತ ಸೈನಿಕರು ಸುಪ್ರೀಂ ಕೋರ್ಟಿಗೆ ಹೋದರು. 2022ರಲ್ಲಿ ಕೋರ್ಟು, ಸಮಿತಿಯ ವರದಿ ಸರ್ಕಾರದ ನೀತಿ ಅಲ್ಲ ಅಂತ ಹೇಳಿತು. ಆದರೂ ಆದೇಶ ಅಂತ ಒಂದು ಬಂತಲ್ಲ. ಮೂರು ಕಾರ್ಮಿಕ ಸಂಹಿತೆಗಳ ಮಸೂದೆಗಳು 2019ರಲ್ಲಿ ಸ್ಥಾಯಿ ಸಮಿತಿಗೆ ಹೋಗಿದ್ದವು. 233 ಶಿಫಾರಸಿನಲ್ಲಿ 174 ಒಪ್ಪಿದ್ದೇವೆ ಅಂತ 2020ರಲ್ಲಿ ಆಗಿನ ಸಚಿವರು ಹೇಳಿದ್ದರು. ನೂರಕ್ಕೆ ಎಪ್ಪತ್ನಾಲ್ಕು! ನನ್ನ ಅಂದಾಜು ಏನಪ್ಪಾ ಅಂದರೆ, ಪದ ತಿದ್ದಿ ಅಂದರೆ ಒಪ್ಪುತ್ತಾರೆ, ಖಜಾನೆ ಬಿಚ್ಚಿ ಅಂದರೆ ಉತ್ತರ ಪರಿಶೀಲನೆಯಲ್ಲಿರುತ್ತೆ.

ಇನ್ನೊಂದು ಕೊರತೆ, ಸಭೆ ನಡೆಯುವುದು ಬಾಗಿಲು ಹಾಕಿಕೊಂಡು. ಟಿವಿಯಲ್ಲಿ ಬರಲ್ಲ. ಮೊದಲು ನನಗೆ ಸಿಟ್ಟು ಬಂತು. ನಮ್ಮ ಪೆನ್ಷನ್ ಬಗ್ಗೆ ನಮಗೇ ಕಾಣದ ಹಾಗೆ ಮಾತಾಡುವುದೇ? ಆಮೇಲೆ ಸದನದ ಕಲಾಪ ಟಿವಿಯಲ್ಲಿ ನೋಡಿದೆ. ಕ್ಯಾಮೆರಾ ಇದ್ದಲ್ಲಿ ಯಾರು ಹೇಗೆ ಕೂಗುತ್ತಾರೆ ಅಂತ ನಿಮಗೂ ಗೊತ್ತು. ಬಾಗಿಲು ಹಾಕಿದ ಕೋಣೆಯಲ್ಲಿ ಕಾಗದ ಓದಿಕೊಂಡು ಬಂದವನಿಗೆ ಬೆಲೆ. ಇರಲಿ ಬಿಡಿ, ಬಾಗಿಲು ಹಾಕಿಕೊಳ್ಳಲಿ. ವರದಿ ಮಾತ್ರ ಕನ್ನಡದಲ್ಲೂ ಓದಲು ಸಿಕ್ಕಿದ್ದರೆ ನನ್ನ ಹನ್ನೆರಡು ದಿನ ಎರಡಾಗುತ್ತಿತ್ತು.

ಓದಿ ಮುಗಿಸಿದ ಮೇಲೆ ನಾವೂ ಒಂದು ಅರ್ಜಿ ಹಾಕೋಣ ಅಂತ ಹೊರಟೆವು. ಬೆಲೆ ಏರಿದ ಹಾಗೆ ಪೆನ್ಷನ್ನೂ ಏರಬೇಕು, ಅಷ್ಟೇ ಕೋರಿಕೆ. ನಿಯಮ ಓದಿದರೆ ಅದೂ ಡ್ರಾಯಿಂಗ್ ಇದ್ದ ಹಾಗೆಯೇ, ಅಳತೆ ತಪ್ಪುವಂತಿಲ್ಲ. ಭಾಷೆ ಮರ್ಯಾದೆಯಿಂದ ಇರಬೇಕು. ಕೊನೆಗೆ ಏನು ಬೇಕು ಅಂತ ಸ್ಪಷ್ಟವಾಗಿ ಒಂದು ಪ್ರಾರ್ಥನೆ ಇರಬೇಕು. ಕನ್ನಡದಲ್ಲಿ ಬರೆದರೆ ಇಂಗ್ಲಿಷ್ ಅಥವಾ ಹಿಂದಿ ಅನುವಾದ ಜೊತೆಗಿಟ್ಟು ಸಹಿ ಮಾಡಬೇಕು. ಲೋಕಸಭೆಗಾದರೆ ಒಬ್ಬ ಸಂಸದರ ಸಹಿಯೂ ಬೇಕು. ರಾಜ್ಯಸಭೆಗೆ ಸದಸ್ಯರ ಮೂಲಕ ಕೊಡಬಹುದು, ಇಲ್ಲವೇ ಮಹಾಕಾರ್ಯದರ್ಶಿಗೆ ಕಳಿಸಬಹುದು. ಕೋರ್ಟಿನಲ್ಲಿರುವ ವಿಷಯ ಹಾಕುವಂತಿಲ್ಲ. ಅರ್ಜಿಗೆ ಬೇರೆ ಕಾಗದಪತ್ರ ಲಗತ್ತಿಸುವಂತಿಲ್ಲ.

ಈ ಕೊನೆಯದಕ್ಕೆ ನಮ್ಮಲ್ಲಿ ದೊಡ್ಡ ಜಗಳವಾಯಿತು. ಗೆಳೆಯ ತನ್ನ ಬಿಪಿ ಮಾತ್ರೆಯ ಬಿಲ್ಲು, ಪಾಸ್‌ಬುಕ್ ಜೆರಾಕ್ಸು, ಕರೆಂಟ್ ಬಿಲ್ಲು ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ತುಂಬಿಕೊಂಡು ಬಂದಿದ್ದ. ಹಾಕುವಂತಿಲ್ಲ ಕಣೋ ಅಂದೆ. "ಹಾಗಾದ್ರೆ ನನ್ನ ಕಷ್ಟ ಅವರಿಗೆ ಹೇಗೆ ಗೊತ್ತಾಗ್ಬೇಕು?" ಅಂದ. ಅವನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅರ್ಜಿಯ ಮೂರನೇ ಪ್ಯಾರಾದಲ್ಲಿ ಅವನ ಮಾತ್ರೆಯ ಖರ್ಚನ್ನು ಒಂದು ಸಾಲಿನಲ್ಲಿ ಸೇರಿಸಿದೆ. ಕವರು ಅವನ ಹತ್ತಿರವೇ ಇದೆ, ಪ್ರತಿ ಭಾನುವಾರ ತರುತ್ತಾನೆ.

ರಾಜ್ಯದ ವಿಷಯವಾದರೆ ವಿಧಾನಸಭೆಯಲ್ಲೂ ಅರ್ಜಿಗಳ ಸಮಿತಿ ಇದೆ. ಅಲ್ಲಿ ಕನ್ನಡ ಸಾಕು. ಸಚಿವರು ಸದನದಲ್ಲಿ "ಮಾಡಿಸಿಕೊಡ್ತೀವಿ" ಅಂದದ್ದನ್ನೆಲ್ಲ ಬೆನ್ನು ಹತ್ತಲು ಭರವಸೆಗಳ ಸಮಿತಿ ಅಂತಲೇ ಬೇರೆ ಇದೆ. ಪೆನ್ಷನ್ ಕೇಂದ್ರದ್ದಾದ್ದರಿಂದ ನಾವು ಆ ಕಡೆ ಹೋಗಲಿಲ್ಲ.

ಎಷ್ಟು ಸ್ಟಾರ್ ಕೊಡ್ತೀರಿ ಮಾವ ಅಂತ ಸೊಸೆ ಕೇಳಿದಳು. ಅಳತೆಗೆ ಐದಕ್ಕೆ ಐದು. ಬೆಲೆಗೂ ಐದು, ಪುಕ್ಕಟೆಯಲ್ಲವೇ. ಡೆಲಿವರಿಗೆ ಒಂದು, ಅದೂ ಆ ಸಾವಿರ ರೂಪಾಯಿಗೆ. ಒಟ್ಟು ಎಷ್ಟು ಅಂದಳು. ಹಾಗೆಲ್ಲ ಸರಾಸರಿ ಹಾಕೋಕೆ ಆಗಲ್ಲಮ್ಮ ಅಂದೆ. ಶಾಫ್ಟಿನ ಒಂದು ತುದಿ ಜಾಸ್ತಿ, ಇನ್ನೊಂದು ತುದಿ ಕಮ್ಮಿ ಇದ್ದರೆ ಸರಾಸರಿ ಸರಿಯಿದೆ ಅಂತ ಯಾರೂ ಪಾಸ್ ಮಾಡಲ್ಲ.

ನಮ್ಮ ಅರ್ಜಿಯ ಇಂಗ್ಲಿಷ್ ಪ್ರತಿ ಮೊಮ್ಮಗನ ಪರೀಕ್ಷೆ ಮುಗಿದ ಮೇಲೆ ಟೈಪ್ ಆಗುತ್ತದೆ. ಸಹಿ ಹಾಕುವವರು ಬರುವ ಭಾನುವಾರ ಪೂರ್ತಿ ಹೆಸರು, ಪಿನ್‌ಕೋಡ್ ಸಮೇತ ವಿಳಾಸ ಬರೆದುಕೊಂಡು ಬನ್ನಿ. ಕಳೆದ ಸಲ ಹನ್ನೊಂದು ಜನ ವಿಳಾಸದ ಜಾಗದಲ್ಲಿ "ಗಣೇಶನ ಗುಡಿ ಹಿಂಭಾಗ" ಅಂತಷ್ಟೇ ಬರೆದು ಹೋಗಿದ್ದಾರೆ.