ಜಯನಗರದ ಸಾವಯವ ಅಂಗಡಿ: ರಾಗಿಗೆ ಐದು ಸ್ಟಾರ್, ಬೋರ್ಡಿಗೆ ಒಂದು

ನಮ್ಮ ಮನೆಯಿಂದ ಎರಡು ಕ್ರಾಸ್ ದಾಟಿದರೆ ಈ ಅಂಗಡಿ. ಹೆಸರು ಹೇಳುವುದಿಲ್ಲ, ಯಾಕಂದ್ರೆ ಸ್ವಲ್ಪ ಬೈಯುವುದಿದೆ, ಮುಂದಿನ ಭಾನುವಾರ ಮತ್ತೆ ಅಲ್ಲಿಗೇ ಚೀಲ ಹಿಡಿದುಕೊಂಡು ಹೋಗುವುದೂ ಇದೆ. ಎಂಟು ತಿಂಗಳಿಂದ ರಾಗಿ, ಅಕ್ಕಿ, ಬೇಳೆ, ಕಡಲೆಕಾಯಿ ಎಣ್ಣೆ ಎಲ್ಲ ಅಲ್ಲಿಂದಲೇ ತರುತ್ತಿದ್ದೇನೆ.

ರಾಗಿ ಚೆನ್ನಾಗಿದೆ. ಕಲ್ಲಿಲ್ಲ, ಮಣ್ಣಿಲ್ಲ, ಮಿಲ್ಲಿಗೆ ಹಾಕಿಸಿದರೆ ಮುದ್ದೆ ಘಮ ಅನ್ನುತ್ತದೆ. ರಾಜಮುಡಿ ಅಕ್ಕಿ ನನಗೆ ಇಷ್ಟ, ಮನೆಯಲ್ಲಿ ಮಕ್ಕಳಿಗೆ ಕಷ್ಟ. ಎಣ್ಣೆ ದುಬಾರಿ. ಇಷ್ಟು ಸಾಕು, ನಾನು ಬರೆಯಲು ಕೂತಿದ್ದು ಬಾಗಿಲ ಮೇಲಿರುವ ಬೋರ್ಡಿನ ಬಗ್ಗೆ.

ಬೋರ್ಡಿನಲ್ಲಿ '100% ಆರ್ಗ್ಯಾನಿಕ್' ಎಂದಿದೆ. ಒಳಗೆ ಹೋದರೆ ಸಾಮಾನು ಮೂರು ಥರ. ಗೋಡೆ ಕಡೆ ಪ್ಯಾಕೆಟ್‌ಗಳು, ಮೇಲೆ ಹಸಿರು ಎಲೆಯ ಜೈವಿಕ್ ಭಾರತ್ ಗುರುತು, ಅಂದರೆ ಪ್ರಮಾಣಪತ್ರ ಇರುವ ಸಾವಯವ ಆಹಾರದ ಸರ್ಕಾರಿ ಮುದ್ರೆ. ನೆಲದ ಮೇಲೆ ಗೋಣಿಚೀಲಗಳು, ಪ್ರತಿಯೊಂದರ ಮುಂದೆ ಒಂದು ಸ್ಲೇಟು, ಅದರಲ್ಲಿ ಊರಿನ ಹೆಸರು, ಕೆಲವಕ್ಕೆ 'ಪಿಜಿಎಸ್ ಗ್ರೀನ್' (ರೈತರ ಗುಂಪಿನ ಗುರುತು, ಮುಂದೆ ಹೇಳುತ್ತೇನೆ) ಎಂದು ಸೀಮೆಸುಣ್ಣದಲ್ಲಿ. ಕೌಂಟರ್ ಪಕ್ಕದ ಬುಟ್ಟಿಯಲ್ಲಿ ಬೆಲ್ಲ, ಅದಕ್ಕೆ 'ನ್ಯಾಚುರಲ್' ಅನ್ನುವ ಸ್ಟಿಕ್ಕರ್. ಕೊಳ್ಳುವವರಿಗೆ ಮೂರೂ ಒಂದೇ. ಬೆಳೆಯುವವರಿಗೆ ಒಂದೇ ಅಲ್ಲ.

ನನಗೆ ಇದು ಗೊತ್ತಾಗಿದ್ದು ದೊಡ್ಡಪ್ಪನಿಂದ. ಮಾಗಡಿ ಕಡೆ ಎರಡೂವರೆ ಎಕರೆ ಅವರದ್ದು. ರಾಗಿ, ಮಧ್ಯೆ ಅಕ್ಕಡಿ ಸಾಲಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಏಳು ವರ್ಷದಿಂದ ಯೂರಿಯಾ ಮೂಟೆ ಮನೆಗೆ ತಂದಿಲ್ಲ. ಅದರ ಬದಲು ಕೊಟ್ಟಿಗೆ ಪಕ್ಕ ನೀಲಿ ಡ್ರಮ್ಮಿನಲ್ಲಿ ಮನೆಯಲ್ಲೇ ಕಲೆಸಿದ ಜೀವಾಮೃತ, 200 ಲೀಟರ್ ನೀರಿಗೆ ಹತ್ತು ಕಿಲೋ ಸಗಣಿ, ಗಂಜಲ, ಎರಡು ಕಿಲೋ ಬೆಲ್ಲ, ಎರಡು ಕಿಲೋ ದ್ವಿದಳ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ಅವರ ರಾಗಿಗೆ ಯಾವ ಗುರುತೂ ಇಲ್ಲ.

ಗುರುತು ಬೇಡ ಅಂತಲ್ಲ. ಮೊದಲು ಒಂದು ಕಂಪನಿಯವರು ಬಂದು ಊರಿನವರನ್ನೆಲ್ಲ ಸೇರಿಸಿ ಗುಂಪು ಮಾಡಿದರು. ಪ್ರಮಾಣಪತ್ರ ಬಂತು, ಆದರೆ ಕಂಪನಿ ಹೆಸರಿಗೆ. ಅವರಿಗೆ ಕೊಟ್ಟರೆ ಸಾವಯವ ರಾಗಿ, ಬೇರೆಯವರಿಗೆ ಮಾರಿದರೆ ಬರೀ ರಾಗಿ. ಅದರ ಮೇಲೆ ರಾಗಿಯಂಥ ಬೆಳೆಗೆ ಎರಡು ವರ್ಷ ಪರಿವರ್ತನೆಯ ಕಾಲ (ರಾಸಾಯನಿಕ ಬಿಟ್ಟ ಹೊಲ ಸಾವಯವ ಅನ್ನಿಸಿಕೊಳ್ಳುವವರೆಗೆ ಕಾಯುವುದು), ತೆಂಗು ಮಾವಿಗಾದರೆ ಮೂರು. ಅಷ್ಟೂ ದಿನ ದುಡಿಮೆ ಸಾವಯವದ್ದು, ರೇಟು ಮಂಡಿಯದ್ದು. ಮೂರನೇ ವರ್ಷ ಕಂಪನಿಯವರು ಬರಲೇ ಇಲ್ಲ.

ಆಮೇಲೆ ಪಿಜಿಎಸ್ ಪ್ರಯತ್ನ. ಇದು ಸಣ್ಣ ರೈತರಿಗೇ ಮಾಡಿದ್ದು. ಹೊರಗಿನ ಏಜೆನ್ಸಿ ಬರುವುದಿಲ್ಲ, ಅಕ್ಕಪಕ್ಕದ ರೈತರೇ ಒಬ್ಬರ ಹೊಲ ಒಬ್ಬರು ನೋಡಿ ಸಹಿ ಹಾಕುತ್ತಾರೆ. ಪರಿವರ್ತನೆಯಲ್ಲಿ ಇದ್ದರೆ 'ಗ್ರೀನ್', ಮುಗಿದ ಮೇಲೆ 'ಆರ್ಗ್ಯಾನಿಕ್'. ಕಡಿಮೆ ಅಂದರೂ ಐದು ಜನ ಬೇಕು. ದೊಡ್ಡಪ್ಪನಿಗೆ ಮೂರು ಜನ ಸಿಕ್ಕರು, ಅದರಲ್ಲಿ ಒಬ್ಬರ ಜಮೀನು ಬೆಂಗಳೂರಿನವರಿಗೆ ಮಾರಾಟವಾಗಿ ಈಗ ಅಲ್ಲಿ ಫಾರ್ಮ್‌ಹೌಸ್ ಗೇಟು. "ಹೊಲಕ್ಕಿಂತ ಜಾಸ್ತಿ ಅಲೆದಿದ್ದು ಆಫೀಸಿಗೆ ಕಣವ್ವಾ, ಬಿಟ್ಟಾಕಿದೆ" ಎಂದರು.

ಇನ್ನೊಂದು ತಮಾಷೆ ನೋಡಿ. ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ನಿಯಮದಲ್ಲಿ ಸಣ್ಣ ರೈತರಿಗೆ ಒಂದು ವಿನಾಯಿತಿ ಇದೆ, ವರ್ಷದ ವಹಿವಾಟು 12 ಲಕ್ಷದೊಳಗಿದ್ದು ನೇರವಾಗಿ ತಿನ್ನುವವರ ಕೈಗೇ ಮಾರಿದರೆ ಪ್ರಮಾಣಪತ್ರ ಬೇಡ, ಎಲೆ ಗುರುತು ಮಾತ್ರ ಹಾಕುವಂತಿಲ್ಲ. ಅಂದರೆ ದೊಡ್ಡಪ್ಪ ಭಾನುವಾರದ ಸಂತೆಯಲ್ಲಿ ತಾವೇ ಕೂತು ಮಾರಿದರೆ ಅದು ಸಾವಯವ ರಾಗಿ. ಅದೇ ಮೂಟೆ ಈ ಅಂಗಡಿಗೆ ಬಂದರೆ, ಕಾಗದ ಇಲ್ಲದೆ ಆ ಬೋರ್ಡಿನ ಕೆಳಗೆ ಇಡುವಂತಿಲ್ಲ. ಇಲ್ಲಿ ಸ್ಲೇಟಿನಲ್ಲಿ ಬರೀ ಊರಿನ ಹೆಸರಿರುವ ಮೂಟೆಗಳು ನಾಲ್ಕೈದಾದರೂ ಇವೆ.

ಕೇಳಿಯೇಬಿಟ್ಟೆ. ಅಂಗಡಿ ನೋಡಿಕೊಳ್ಳುವ ಹುಡುಗ ಒಳ್ಳೆಯವನು. "ಅಕ್ಕ, ಸ್ಲೇಟು ಬರೆಯೋದು ನಾನು, ಬೋರ್ಡು ಮಾಡಿಸಿದ್ದು ನಮ್ಮ ಪಾರ್ಟ್ನರ್" ಎಂದ. ಸ್ಲೇಟು ನಂಬಬಹುದು, ಅದಂತೂ ನಿಜ. ಯಾವ ಊರು ಎಂದು ಕೇಳಿದರೆ ದಾರಿಯನ್ನೂ ಹೇಳುತ್ತಾನೆ. ಡಿಸೆಂಬರ್‌ನಲ್ಲಿ ಸೊಗಡು ಅವರೆ ಬಂದಾಗ ಒಬ್ಬರು ಹುಳ ಇದೆ ಎಂದು ಜಗಳಕ್ಕೆ ಬಂದರು, ಪಕ್ಕದಲ್ಲಿದ್ದವರು ಹುಳ ಇದ್ದರೇ ಸಾವಯವ ಅಲ್ವಾ ಎಂದರು. ಹುಡುಗ "ಹುಳಕ್ಕೆ ಸರ್ಟಿಫಿಕೇಟು ಓದಕ್ಕೆ ಬರಲ್ಲ ಆಂಟಿ" ಎಂದು ಹೇಳಿ, ಹುಳ ಬಿದ್ದ ಕಾಯಿ ಆರಿಸಿ ತೆಗೆದು, ಮೇಲೊಂದು ಹಿಡಿ ಹಾಕಿ ಕಳಿಸಿದ. ಮನೆಯಲ್ಲಿ ಬಿಡಿಸಿ ಕೈ ತೊಳೆದರೂ ರಾತ್ರಿವರೆಗೆ ಬೆರಳಲ್ಲಿ ಆ ಸೊಗಡಿನ ವಾಸನೆ, ಹಿತಕಿದ ಬೇಳೆ ಸಾರು ಮಾರನೇ ದಿನಕ್ಕೆ ಉಳಿಯಲಿಲ್ಲ.

ಬೆಲ್ಲಕ್ಕೆ ಮಾತ್ರ ಕ್ಷಮೆ ಇಲ್ಲ. 'ನ್ಯಾಚುರಲ್' ಅನ್ನುವ ಪದಕ್ಕೂ ನಿಯಮ ಇದೆ, 2018ರದ್ದು. ಆದರೆ ಅದು ಏನು ಬೆರೆಸಿಲ್ಲ, ಹೇಗೆ ತಯಾರಿಸಿದ್ದು ಎಂದು ನೋಡುತ್ತದೆಯೇ ಹೊರತು ಕಬ್ಬಿನ ಗದ್ದೆಗೆ ಏನು ಸುರಿದರು ಎಂದಲ್ಲ. ಈ ಬುಟ್ಟಿಯ ಬೆಲ್ಲವೋ ನಿಂಬೆಹಣ್ಣಿನ ಬಣ್ಣ. ಆಲೆಮನೆಯಲ್ಲಿ ಬಣ್ಣಕ್ಕೆ ಹೈಡ್ರೋಸ್ ಅನ್ನುವ ಬಿಳುಪು ಮಾಡುವ ರಾಸಾಯನಿಕ ಹಾಕುವುದು ಮಂಡ್ಯ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ, ಹಾಕದ ಬೆಲ್ಲ ಸಾಮಾನ್ಯವಾಗಿ ಕಂದು. ಸ್ಟಿಕ್ಕರ್ ಕೆರೆದು ನೋಡಿದೆ, ಕೆಳಗೆ ಇನ್ನೊಂದು ಸ್ಟಿಕ್ಕರ್, ಅದರಲ್ಲಿ ಬರೀ ರೇಟು, ಇಪ್ಪತ್ತು ರೂಪಾಯಿ ಕಡಿಮೆ. ಹುಡುಗ ಸುಮ್ನೆ ನಕ್ಕ.

ಒಟ್ಟು ಮೂರು ಸ್ಟಾರ್ ಕೊಟ್ಟಿದ್ದೇನೆ. ಗೋಣಿಚೀಲದ ಕಡೆ ಹೋಗಿ, ಸ್ಲೇಟು ಓದಿ, ಬೆಲ್ಲ ಬೇರೆ ಕಡೆ ತಗೊಳ್ಳಿ. ಯುಪಿಐ ನಡೆಯುತ್ತದೆ, ಪಾರ್ಕಿಂಗ್ ಇಲ್ಲ, ಚೀಲ ತಗೊಂಡು ಹೋಗಿ.